ಹನ್ನೊಂದನೆಯ ಹಕಾರ

ನವೆಂಬರ್ 2, ಭಾನುವಾರ

ಬೆಳಿಗ್ಗೆ ಮದ್ದೂರಿಗೆ ಹೋಗಿ ಮಧ್ಯಾಹ್ನ ವಾಪಸು ಬಂದೆ. ಕಿವಿ ಇನ್ನೂ ಗುಂಯ್‌ಗುಡುತ್ತಿದೆ.

ರೈಲ್ವೆ ಗೇಟಿನ ಆಚೆ ಸ್ವರೂಪನ ವೆಲ್ಡಿಂಗ್ ಶೆಡ್ಡು. ವಾರದ ಆರು ದಿನ ಅಲ್ಲಿ ಕಿಟಕಿ ಗ್ರಿಲ್ಲು, ಟ್ರೇಲರಿನ ಬಾಗಿಲು ತಯಾರಾಗುತ್ತವೆ. ಭಾನುವಾರ ಅದೇ ಜಾಗದಲ್ಲಿ ರಾಕ್ ಬ್ಯಾಂಡು. ಹೆಸರು 'ಜಲ್ಲಿ'. ಇರುವುದು ಇಬ್ಬರೇ. ಡ್ರಮ್ಸ್ ಸ್ವರೂಪನದು, ಗಿಟಾರು ಮತ್ತು ಹಾಡು ರಂಜಿತಳದು. ಆಕೆಗೆ ಇಪ್ಪತ್ತನಾಲ್ಕು ವರ್ಷ. ಮಳವಳ್ಳಿ ತಾಲ್ಲೂಕಿನ ಬಂಡೆಕೊಪ್ಪಲಿನವಳು. ಕಿರುಗಾವಲಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ.

"ಸಾರ್, ಕಿವೀಗೆ ಅತ್ತಿ ಮಡಿಕಳಿ. ಆಮೇಕೆ ನಮ್ಮುನ್ನ ಬೈಬ್ಯಾಡಿ," ಎಂದ ಸ್ವರೂಪ್.

"ಸುಮ್ಕಿರ್ಲಾ. ಸಾರು ನಮ್ಗಿಂತ ಜಾಸ್ತಿ ಗದ್ಲ ಕೇಳವ್ರೆ," ಎಂದಳು ರಂಜಿತ.

ಅದು ನಿಜ. ನಾನಿದ್ದ ಪತ್ರಿಕೆಯ ಮಂಡ್ಯ ಆವೃತ್ತಿ ಮುಚ್ಚಿ ಎರಡು ವರ್ಷವಾಯಿತು. ಇಪ್ಪತ್ತೆರಡು ವರ್ಷ ಡೆಸ್ಕಿನಲ್ಲಿ ಬೇರೆಯವರ ವರದಿ ತಿದ್ದಿದೆ. ಈಗ ಮನೆಯಲ್ಲೇ ಕುಳಿತು 'ಶುಕ್ರವಾರದ ಹಾಡು' ಎಂಬ ಚಾನೆಲ್ ನಡೆಸುತ್ತೇನೆ. ವಾರಕ್ಕೊಂದು ಹೊಸ ಕನ್ನಡ ರಾಕ್ ಹಾಡು, ಅದರ ವಿಡಿಯೋ, ಕೆಳಗೆ ಸಾಹಿತ್ಯ, ಇನ್ನೂರು ಪದದ ಟಿಪ್ಪಣಿ. ಚಿತ್ರಗೀತೆ ಇಲ್ಲ, ಹೊಗಳಿಕೆ ಇಲ್ಲ. ಯಾರು, ಎಲ್ಲಿ, ಯಾವಾಗ ಅಷ್ಟೇ. ಹದಿನಾಲ್ಕು ಸಾವಿರದ ಇನ್ನೂರು ಮಂದಿ ಕೇಳುಗರು. ನಾನು ಹಾಡು ಕಟ್ಟುವವನಲ್ಲ, ಹಂಚುವವನು.

ಇಂದು ಕೇಳಿದ ಹಾಡು ನಾಲ್ಕು ನಿಮಿಷದ್ದು. ಮೊದಲ ಏಟಿಗೇ ಶೆಡ್ಡಿನ ತಗಡು ಅದುರಿತು. ರಂಜಿತಳ ಅಜ್ಜಿ ಚಿಕ್ಕಬೋರಮ್ಮ ರಸ್ತೆ ಕಾಮಗಾರಿಗೆ ಜಲ್ಲಿ ಒಡೆಯುತ್ತಿದ್ದವರು. ಕಲ್ಲಿನ ಸುತ್ತ ಟೈರಿನ ಬಳೆ ಇಟ್ಟು ಸುತ್ತಿಗೆಯಲ್ಲಿ ಕುಟ್ಟುವ ಕೆಲಸ. ಮೂವತ್ತು ವರ್ಷ ಮಾಡಿ ಎಡಗೈಯ ಒಂದು ಬೆರಳಿನ ತುದಿ, ಒಂದು ಕಣ್ಣಿನ ಅರ್ಧ ದೃಷ್ಟಿ ಕಳೆದುಕೊಂಡಿದ್ದಾರೆ. ವಿಡಿಯೋದ ತುಂಬ ಆ ಅಜ್ಜಿಯೇ, ಊರ ಪಕ್ಕದ ಹಳೆಯ ಕ್ವಾರಿಯಲ್ಲಿ. ಸುತ್ತಿಗೆ ಬೀಳುವ ಸದ್ದಿನ ಮೇಲೆಯೇ ಡ್ರಮ್ಸ್ ಕೂರಿಸಿದ್ದಾರೆ. ಇಷ್ಟು ಸಿಟ್ಟಿನ ಹಾಡು ಈ ಜಿಲ್ಲೆಯಿಂದ ಬಂದದ್ದನ್ನು ನಾನು ಕೇಳಿಲ್ಲ.

ಸಾಹಿತ್ಯವನ್ನು ರಂಜಿತ ರೂಲು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದು ಕೊಟ್ಟಳು. "ನನ್ತಾವ ಇರೋದು ಇದೊಂದೇ ಸಾರ್. ಜ್ವಾಪಾನ."

ನವೆಂಬರ್ 6, ಗುರುವಾರ

ಸಾಹಿತ್ಯ ತಿದ್ದಿ ಮುಗಿಯಿತು. ಹುಡುಗಿಯ ಅಕ್ಷರ ದುಂಡಗಿದೆ. ಆದರೆ ಆಡಿದ ಹಾಗೆಯೇ ಬರೆದಿದ್ದಾಳೆ. ಅಳ್ಳಿ, ಎಗಲು, ಅಣೆ, ಒಲ. ಒಟ್ಟು ಹನ್ನೊಂದು ಪದಗಳಲ್ಲಿ ಹಕಾರ ಬಿಟ್ಟುಹೋಗಿದೆ. ಹಾಡುವಾಗ ಅದು ಚಂದ, ಓದುವಾಗ ತಪ್ಪು. ಕೆಂಪು ಶಾಯಿಯಲ್ಲಿ ಹನ್ನೊಂದನ್ನೂ ತಿದ್ದಿ, ವಿಡಿಯೋದ ಕೆಳಗೆ ಓಡುವ ಅಕ್ಷರಗಳಿಗೂ ಅದನ್ನೇ ಹಾಕಿದೆ. ಪಲ್ಲವಿ ಈಗ ಹೀಗೆ ಓದಿಸಿಕೊಳ್ಳುತ್ತದೆ:

ಹಳ್ಳಿ ದಾರೀಲಿ ಅಡ್ಡ ನಿಂತವ್ನೆ
ಬಂಡೆಯಂಗವ್ನೆ, ಮಿಸುಕಾಡನು
ಕಲ್ಲ ಹೊಡೀರೋ, ಕಲ್ಲ ಹೊಡೀರೋ
ದಾರಿ ಆಗೋಗಂಟ ಹೊಡೀರೋ

ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು. "ಇದೇನೋ ಸುದರ್ಶನ, ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದ ಹಾಗಿದೆ."

ನವೆಂಬರ್ 7, ಶುಕ್ರವಾರ

ಬೆಳಿಗ್ಗೆ ಏಳಕ್ಕೆ ಹಾಡು ಬಿಟ್ಟೆ. ಸಂಜೆ ಐದರ ಹೊತ್ತಿಗೆ ಆರು ಸಾವಿರ ಜನ ನೋಡಿದ್ದಾರೆ. ನಮ್ಮಲ್ಲಿ ಇದು ದಾಖಲೆ. ಒಬ್ಬ ಬರೆದಿದ್ದಾನೆ: 'ಹಾಡು ಕೇಳಿ ಮೈಯಲ್ಲಿ ರಕ್ತ ಜಾಸ್ತಿ ಆಯ್ತು.' ಒಳ್ಳೆಯ ಸಾಲು.

ನವೆಂಬರ್ 13, ಗುರುವಾರ

ಬಂಡೆಕೊಪ್ಪಲಿನ ತಿರುವಿನಲ್ಲಿ ಬೆಳಿಗ್ಗೆ ಎಂಟೂಕಾಲಕ್ಕೆ ಜಲ್ಲಿ ಕ್ರಷರಿನ ಟಿಪ್ಪರ್ ಲಾರಿ ಹರಿದು ಮರಿಸಿದ್ದಯ್ಯ ಎಂಬ ಅರವತ್ತೆರಡು ವರ್ಷದ ರೈತ ಮೃತಪಟ್ಟಿದ್ದಾರೆ. ಡೇರಿಗೆ ಹಾಲು ಹಾಕಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದರಂತೆ. ದೇಹವನ್ನು ರಸ್ತೆಯಿಂದ ಸಲಿಕೆಯಲ್ಲಿ ಎತ್ತಬೇಕಾಯಿತು ಎಂದು ರಂಜಿತ ಫೋನಿನಲ್ಲಿ ಹೇಳಿದಳು.

"ನಮ್ ದೊಡ್ಡಪ್ಪನ ವರಸೆ ಸಾರ್. ಕ್ಯಾನು ಚಪ್ಪಟೆ ಆಗದೆ. ಆಲೂ ನೆತ್ರೂ ಒಂದೇ ಕಡೆ ಅರ್ಕಂಡು ಓಯ್ತಿತ್ತು. ನಾಯಿ ನೆಕ್ತಾ ಇತ್ತು, ನಾನೇ ಓಡಿಸ್ದೆ."

ಕ್ರಷರಿನವರು ಆ ದಾರಿಯಲ್ಲಿ ದಿನಕ್ಕೆ ಎಂಬತ್ತು ಲೋಡು ಹೊಡೆಯುತ್ತಾರಂತೆ. ಗ್ರಾಮಸ್ಥರು ರಸ್ತೆಗೆ ಅಡ್ಡ ಕುಳಿತಿದ್ದಾರೆ.

ಹಾಡನ್ನು ಇಂದು ಒಂದೇ ದಿನದಲ್ಲಿ ಹನ್ನೊಂದು ಸಾವಿರ ಜನ ನೋಡಿದ್ದಾರೆ. ಊರಿನ ಹುಡುಗರು ಪಲ್ಲವಿಯ ತುಣುಕನ್ನು ಕತ್ತರಿಸಿ ಫೋನಿನ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಾರೆ. ಹಾಡು ಸರಿಯಾದ ಹೊತ್ತಿಗೆ ಸರಿಯಾದ ಜನಕ್ಕೆ ಸಿಕ್ಕಿತು ಎನ್ನಬೇಕು.

ನವೆಂಬರ್ 15, ಶನಿವಾರ

ಬಂಡೆಕೊಪ್ಪಲಿನಲ್ಲಿ ಕಲ್ಲು ತೂರಾಟ. ನಾಲ್ಕು ಟಿಪ್ಪರ್‌ಗಳ ಗಾಜು ಪುಡಿ. ಒಂದಕ್ಕೆ ಬೆಂಕಿ. ಗಾಯಾಳುಗಳು ಒಂಬತ್ತು. ಕಿರುಗಾವಲಿನ ಚಾಲಕ ಸ್ವಾಮಿ, 34, ಎಂಬವರ ಬಲಗಣ್ಣಿಗೆ ಕಲ್ಲು ಬಿದ್ದು ಮಂಡ್ಯದ ಆಸ್ಪತ್ರೆಗೆ ದಾಖಲು. ಮರಿಸಿದ್ದಯ್ಯ ಅವರ ಮೇಲೆ ಟಿಪ್ಪರ್ ಹರಿಸಿದ ಚಾಲಕ ಬೇರೆಯವನು, ಅವನು ಅಂದೇ ಪರಾರಿ. ಸ್ವಾಮಿಗೂ ಆ ಅಪಘಾತಕ್ಕೂ ಸಂಬಂಧವಿಲ್ಲ.

ಯಾರೋ ಚಿತ್ರೀಕರಿಸಿದ ಒಂದೂವರೆ ನಿಮಿಷದ ದೃಶ್ಯ ಎಲ್ಲ ಗುಂಪುಗಳಲ್ಲೂ ಓಡುತ್ತಿದೆ. ಎಡಕ್ಕೆ ಹೊಗೆ. ಬಲಕ್ಕೆ ಟಿಪ್ಪರಿನ ಬಾಗಿಲಿಂದ ಒಬ್ಬನನ್ನು ಕಾಲು ಹಿಡಿದು ಎಳೆಯುತ್ತಿದ್ದಾರೆ. ಅವನು ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಡದೆ ಹಿಡಿದಿದ್ದಾನೆ. ಮುಖ ಪೂರ್ತಿ ಕೆಂಪು. ಹಿನ್ನೆಲೆಗೆ ನಮ್ಮ ಹಾಡು ಹಾಕಿ, ನಡುವೆ ನನ್ನ ಅಕ್ಷರಗಳನ್ನೇ ದಪ್ಪಗೆ ಅಂಟಿಸಿದ್ದಾರೆ. ಕಲ್ಲ ಹೊಡೀರೋ.

ಮೂರು ಸಲ ನೋಡಿದೆ. ನಾಲ್ಕನೆಯ ಸಲ ದೀಪಶ್ರೀ ಫೋನ್ ಕಿತ್ತುಕೊಂಡಳು.

"ನಿಮ್ಮ ಮುಖ ನೋಡಿಕೊಳ್ಳಿ ಒಂದು ಸಲ," ಎಂದಳು. ನನ್ನ ಹೆಂಡತಿಯದು ಶಾಲೆಯ ಮೇಡಂ ದನಿ, ಮನೆಯಲ್ಲೂ ಹಾಗೇ.

ವೀಕ್ಷಣೆ: ಎಪ್ಪತ್ತೆಂಟು ಸಾವಿರ.

ನವೆಂಬರ್ 16, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಮುಖಕ್ಕೆ ಬಟ್ಟೆ ಕಟ್ಟಿದ್ದ ನಾಲ್ವರು ಸ್ವರೂಪನ ಶೆಡ್ಡಿಗೆ ನುಗ್ಗಿದ್ದಾರೆ. ಡ್ರಮ್ಸಿನ ಚರ್ಮವನ್ನು ಮಚ್ಚಿನಿಂದ ಸೀಳಿ, ಅವನ ಬಲಗೈಯನ್ನು ಕಬ್ಬಿಣ ಬಿಗಿಹಿಡಿಯುವ ಅವನದೇ ವೈಸಿನ ನಡುವೆ ಇಟ್ಟು ಹಿಡಿ ತಿರುಗಿಸಿದ್ದಾರೆ. ಐದು ಬೆರಳೂ ಹೋಗಿವೆ. ಅವನ ಕಿರುಚಾಟ ಹೊರಗೆ ಕೇಳಿಸಿತ್ತೆಂದು ಪಕ್ಕದ ಅಂಗಡಿಯವರು ಹೇಳಿದರಂತೆ. ಭಾನುವಾರ ಅಲ್ಲಿ ಗದ್ದಲ ಇದ್ದದ್ದೇ ಎಂದು ಯಾರೂ ಏಳಲಿಲ್ಲ.

ಮಧ್ಯಾಹ್ನ ಮೂರೂವರೆಗೆ ಆಸ್ಪತ್ರೆಯಿಂದ ರಂಜಿತಳ ಫೋನು. ಅಳುತ್ತಿರಲಿಲ್ಲ.

"ಸಾರ್, ಈಗ ನೋಡ್ದೆ. ಕೆಳ್ಗೆ ಏನ್ ಬರ್ದಿದ್ದೀರಿ ನೀವು?"

"ನೀನು ಕೊಟ್ಟದ್ದೇ."

"ನಾನ್ ಕೊಟ್ಟಿದ್ದು 'ಒಡೀರೋ' ಅಂತ. ಕಲ್ಲ ಒಡೀರೋ. ಸುತ್ಗೆ ತಕಂಡು ಚೂರು ಮಾಡ್ರೋ ಅಂತ. ನಮ್ಮಜ್ಜಿ ಮಾಡ್ತಿದ್ದ ಕೆಲ್ಸ ಸಾರ್ ಅದು."

ಹಳ್ಳಿ ಎನ್ನುವಲ್ಲಿ 'ಅಳ್ಳಿ' ಎಂದು ಬರೆದಿದ್ದೆಯಲ್ಲ, ಹಾಗೆಯೇ ಇದೂ ಎಂದುಕೊಂಡೆ ಎಂದೆ.

"ಅದೆಲ್ಲ ತಿದ್ದಿ, ಬ್ಯಾಡ ಅನ್ಲಿಲ್ಲ. ಇದ್ನ ಒಂದ್ ಮಾತು ಕೇಳ್ಬೋದಿತ್ತಲ್ಲ ಸಾರ್. ಸ್ವರೂಪನ ಕೈ ನೋಡಿದ್ರೆ... ಕೈ ಅಲ್ಲ ಅದು."

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಪದವನ್ನು ಸರಿಪಡಿಸಲಾಯಿತು. ಪತ್ರಿಕೆಯಲ್ಲಿದ್ದಾಗ ತಪ್ಪೊಪ್ಪಿಗೆ ಎಂದು ಒಂದು ಚೌಕ ಹಾಕುತ್ತಿದ್ದೆವು. ಇಲ್ಲಿ ಹಾಕಿಲ್ಲ. ಪರಿಸ್ಥಿತಿ ತಣ್ಣಗಾಗಲಿ.

ನವೆಂಬರ್ 18, ಮಂಗಳವಾರ

ಮಳವಳ್ಳಿಯ ಠಾಣೆಗೆ ಕರೆಸಿದ್ದರು. ಇನ್ಸ್‌ಪೆಕ್ಟರ್ ಸೌಜನ್ಯದಿಂದಲೇ ಮಾತನಾಡಿದರು. ಒಂದು ಕಾಲದಲ್ಲಿ ನಮ್ಮ ಪತ್ರಿಕೆ ಓದುತ್ತಿದ್ದರಂತೆ.

"ನಿಮ್ಮ ಚಾನೆಲಿನಲ್ಲಿ ಭಾನುವಾರ ಸಂಜೆ ಅಕ್ಷರ ಬದಲಾಗಿದೆ. ಗಲಾಟೆ ಆದಮೇಲೆ. ಬದಲಾಯಿಸಿ ಅಂತ ಹೇಳಿದ್ದು ಯಾರು?"

"ಆ ಹುಡುಗಿ ಫೋನ್ ಮಾಡಿದ್ದಳು."

ಇದು ನಿಜ.

"ಮೊದಲು 'ಕಲ್ಲು ಹೊಡೀರಿ' ಅಂತ ಬರೆದುಕೊಟ್ಟವಳೂ ಅವಳೇನಾ? ತಾನು ಬೇರೆ ಬರೆದುಕೊಟ್ಟೆ, ಕಾಗದ ನಿಮ್ಮ ಹತ್ತಿರ ಇದೆ ಅಂತಾಳೆ. ಇದೆಯಾ?"

"ನೆನಪಿಲ್ಲ," ಎಂದೆ. "ವಾರಕ್ಕೆ ಬಹಳ ಕಾಗದ ಬರುತ್ತೆ."

ವಾರಕ್ಕೆ ಒಂದೇ ಕಾಗದ ಬರುತ್ತದೆ.

ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ. ಹೊರಗೆ ಬಂದು ಬಸ್ ನಿಲ್ದಾಣದ ಹತ್ತಿರ ಕಾಫಿ ಕುಡಿದೆ. ಚೆನ್ನಾಗಿತ್ತು.

ನವೆಂಬರ್ 19, ಬುಧವಾರ

ಊಟದ ಹೊತ್ತಿಗೆ ಸ್ಟೀಲ್ ಲೋಟ ಕೈಜಾರಿ ಎದುರಿನ ಗೋಡೆಗೆ ಬಿತ್ತು. ಅಮ್ಮ ಹೆದರಿ ಎದ್ದು ಹೋದಳು. ಮಜ್ಜಿಗೆ ಕ್ಯಾಲೆಂಡರಿನ ಮೇಲೆಲ್ಲ ಆಗಿದೆ.

ನವೆಂಬರ್ 21, ಶುಕ್ರವಾರ

ಇಂದು ಹಾಡು ಬಿಡಲಿಲ್ಲ. ನೂರ ಮೂರು ವಾರಗಳಲ್ಲಿ ಮೊದಲ ಸಲ.

ರಂಜಿತಳನ್ನು ಬುಧವಾರ ಮಧ್ಯಾಹ್ನ ಔಷಧಿ ಅಂಗಡಿಯಿಂದಲೇ ಕರೆದೊಯ್ದಿದ್ದಾರೆ. ಹಿಂಸೆಗೆ ಪ್ರಚೋದನೆ, ನಂತರ ಸಾಕ್ಷ್ಯ ಬದಲಾವಣೆ. ಮೊದಲ ಆರೋಪಿ. ಕಲ್ಲು ಎಸೆದ ಹದಿನೇಳು ಮಂದಿ ಅವಳ ನಂತರ. ನ್ಯಾಯಾಂಗ ಬಂಧನವಾಗಿದೆ. ಹಿಂದಿನ ದಿನವೇ ಬಂಡೆಕೊಪ್ಪಲಿನ ಅವಳ ಮನೆಯ ಹೆಂಚನ್ನು ಯಾರೋ ಒಂದೂ ಉಳಿಸದೆ ಪುಡಿ ಮಾಡಿದ್ದಾರೆ. ಚಿಕ್ಕಬೋರಮ್ಮನ ಹಣೆಗೆ ಆರು ಹೊಲಿಗೆ.

ಪತ್ರಿಕೆಯೊಂದರ ಶೀರ್ಷಿಕೆ: 'ಕಲ್ಲು ಹೊಡೆಯಲು ಹಾಡಿನ ಕರೆ: ಗಾಯಕಿ ಬಂಧನ'. ಭಾಷೆಯ ದೃಷ್ಟಿಯಿಂದ ತಪ್ಪಿಲ್ಲದ ಶೀರ್ಷಿಕೆ. ನಾನೇ ಡೆಸ್ಕಿನಲ್ಲಿದ್ದರೂ ಅದನ್ನೇ ಕೊಡುತ್ತಿದ್ದೆ.

ವೀಕ್ಷಣೆ: ಮೂರು ಲಕ್ಷ ನಲವತ್ತು ಸಾವಿರ. ಕೇಳುಗರು ಹದಿನಾಲ್ಕರಿಂದ ಐವತ್ತೊಂದು ಸಾವಿರಕ್ಕೆ ಏರಿದ್ದಾರೆ. ಈ ಸಂಖ್ಯೆಯನ್ನು ಬರೆಯಬಾರದಿತ್ತು. ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ನವೆಂಬರ್ 23, ಭಾನುವಾರ

ರೂಲು ಹಾಳೆಯನ್ನು ಕಡತದಿಂದ ತೆಗೆದೆ. ನೀಲಿ ಅಕ್ಷರ ಅವಳದು, ಕೆಂಪು ನನ್ನದು. ಹನ್ನೊಂದು ಪದಗಳಿಗೆ ಕೆಂಪು. ಹತ್ತು ಸರಿ, ಒಂದು ತಪ್ಪು. ಶೇಕಡ ತೊಂಬತ್ತೊಂದು. ಡೆಸ್ಕಿನಲ್ಲಿ ಇದಕ್ಕಿಂತ ಹೆಚ್ಚು ತಪ್ಪಿದವರಿಗೂ ಬಡ್ತಿ ಸಿಕ್ಕಿದೆ.

ಹಾಳೆಯೊಂದಿಗೆ ಅಡುಗೆಮನೆಗೆ ಹೋದೆ. ಗ್ಯಾಸು ಹಚ್ಚಿದೆ. ಹಾಳೆಯ ಒಂದು ಮೂಲೆ ಕಂದಿತು.

ಅಷ್ಟರಲ್ಲಿ ಅಮ್ಮ ಬಂದಳು. "ನನಗೂ ಒಂದು ಲೋಟ ನೀರು ಕಾಯಿಸಪ್ಪ. ಗಂಟಲು ಕೆಟ್ಟಿದೆ."

ನೀರು ಕಾಯಿಸಿ ಕೊಟ್ಟೆ. ಹಾಳೆ ಜೇಬಿನಲ್ಲಿತ್ತು. ಅದನ್ನು ದೀಪಶ್ರೀ ಸಂಜೆ ಒಗೆಯುವ ಬಟ್ಟೆಯಲ್ಲಿ ಕಂಡಳು. ನಿಂತಲ್ಲೇ ಓದಿದಳು.

"ಇದು ಸುಟ್ಟಿರೋದು ಹೇಗೆ?"

"ಒಲೆ ಹತ್ತಿರ ಇತ್ತು."

"ತಾನಾಗೇ ಹೋಗಿತ್ತಾ ಒಲೆ ಹತ್ತಿರ?"

ನಾನು ಉಳಿದ ಬಟ್ಟೆಗಳನ್ನು ಬಕೆಟಿಗೆ ಹಾಕಿದೆ.

"ಮೂರನೇ ಕ್ಲಾಸಿನ ಮಕ್ಕಳು ಹೀಗೆ ಹೇಳ್ತಾರೆ. ಪೆನ್ಸಿಲ್ ಮುರೀತು ಮಿಸ್, ಪುಸ್ತಕ ಹರೀತು ಮಿಸ್. ನಾನು ಮುರಿದೆ ಅಂತ ಒಬ್ಬನೂ ಹೇಳಲ್ಲ." ಹಾಳೆಯನ್ನು ಇಸ್ತ್ರಿ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ನನ್ನ ಮೇಜಿನ ಮೇಲೆ ಇಟ್ಟಳು.

ಅಡುಗೆಮನೆಯಲ್ಲಿ ಇನ್ನೊಂದು ಲೋಟ ಬಿತ್ತು.

ನವೆಂಬರ್ 25, ಮಂಗಳವಾರ

ಜಯಪ್ರಕಾಶ್ ಎಂಬವರ ಫೋನು. ಕ್ರಷರಿನ ಮ್ಯಾನೇಜರ್ ಎಂದು ಪರಿಚಯಿಸಿಕೊಂಡರು.

"ಸಾರ್, ಠಾಣೇಲಿ ನೀವು ಕೊಟ್ಟ ಸ್ಟೇಟ್‌ಮೆಂಟು ಭಾಳ ಚೆನ್ನಾಗದೆ. ಓದ್ದೋರು ಓದ್ದೋರೆ. ಜಾಸ್ತಿ ಮಾತಿಲ್ಲ, ಕಮ್ಮಿ ಮಾತಿಲ್ಲ."

ಧನ್ಯವಾದ ಎಂದುಬಿಟ್ಟೆ. ಅಭ್ಯಾಸಬಲ.

ನವೆಂಬರ್ 27, ಗುರುವಾರ

ಆಸ್ಪತ್ರೆಗೆ ಹೋಗಿ ಸ್ವಾಮಿಯನ್ನು ನೋಡಿದೆ. ಯಾಕೆ ಹೋದೆ ಎಂದು ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ. ವಿವರ ಬರೆಯುತ್ತೇನೆ.

ಬಲಗಣ್ಣು ತೆಗೆದಿದ್ದಾರೆ. ಮುಖದ ಅರ್ಧ ಬ್ಯಾಂಡೇಜು. ಕಾಲು ಎಳೆದಾಗ ಸೊಂಟದ ಕೀಲೂ ತಪ್ಪಿದೆ. ಹೆಂಡತಿ ನಯನ ಇಡ್ಲಿ ಮುರಿದು ತಿನ್ನಿಸುತ್ತಿದ್ದರು. 'ಶುಕ್ರವಾರದ ಹಾಡು' ನಡೆಸುವವನು ನಾನು ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಓ, ನೀವೇನಾ ಸಾ. ಕೂತ್ಕಳಿ. ನಯನ, ಸ್ಟೂಲ್ ಕೊಡೇ ಅವ್ರ್ಗೆ. ಆ ಆಡು ಗಾಡೀಲಿ ದಿನಾ ಆಕಂತಿದ್ದೆ ನಾನು. ಅವತ್ತೂ ಅದೇ ಓಡ್ತಿತ್ತು."

ಯಾವ ಹಾಡು ಎಂದು ಕೇಳಿದೆ.

"ಕಲ್ಲ ಒಡೀರೋ. ಇನ್ಯಾವ್ದು. ಕಲ್ ಒಡೆಯೋರ ಆಡು ಅಲ್ವಾ ಅದು? ನಾನೂ ಗಾಡೀಲಿ ಕಲ್ ಒರೋನೇ. ನಮ್ ಮ್ಯಾಲೆ ಒಬ್ಬ್ರಾದ್ರೂ ಆಡು ಕಟ್ಟವ್ರಲ್ಲ ಅಂತ ಕುಸಿ ಆಗೋದು."

"ಕಲ್ಲಲ್ಲಿ ಹೊಡೆಯಿರಿ ಅಂತ ನಿಮಗೆ ಅನ್ನಿಸಲಿಲ್ಲವೇ?"

ಸ್ವಾಮಿ ಉಳಿದ ಕಣ್ಣಿನಿಂದ ನನ್ನನ್ನೇ ನೋಡಿದರು. "ಏನ್ ಸಾ ನೀವು. ಎಸಿಯೋದಾದ್ರೆ 'ಕಲ್ಲಲ್ಲಿ ಇಕ್ಕು' ಅಂತೀವಿ. ಕಲ್ಲ ಒಡಿ ಅಂದ್ರೆ ಒಡಿಯೋದೇಯ, ಜಲ್ಲಿ ಮಾಡೋದು. ನಮ್ ಕಡೆ ಎಳೆ ಮಗೀಗೂ ಗೊತ್ತಾಯ್ತದೆ. ನಾನು ಓದಕ್ಕೆ ಬರ್ದೋನು. ಅದ್ಯಾವ್ನೋ ಕೆಳ್ಗೆ ಅಕ್ಸರದಲ್ಲಿ ಬೇರೆ ಬರ್ದವ್ನಂತೆ. ಓದ್ದ ಐಕ್ಳು ಓದ್ಕಂಡು ಬಂದು ಇಕ್ಕಿದ್ರು."

ನಯನ ನಡುವೆ ಬಂದರು. "ಆ ಬರ್ದೋನ ಕೈಗೆ ಉಳ ಬೀಳಾ."

"ಸುಮ್ನಿರಮ್ಮಿ. ಆ ಎಣ್ಮಗ್ಳು ಜೈಲಲ್ಲವ್ಳೆ. ಪೋಲೀಸ್ರಿಗೆ ಎಲ್ಡು ಸಲ ಏಳ್ದೆ, ಅವ್ಳು ಅಂಗಂದಿಲ್ಲ ಕಣ್ರಪ್ಪ ಅಂತ. ನಿಂಗೆ ಓದಕ್ಕೇ ಬರಲ್ಲ, ಸುಮ್ನಿರು ಅಂದ್ರು."

ನಾನು ಅರ್ಧ ಗಂಟೆ ಆ ಸ್ಟೂಲಿನ ಮೇಲೆ ಕುಳಿತಿದ್ದೆ. ಇಡ್ಲಿಯಲ್ಲಿ ಒಂದು ತುಂಡು ನನಗೂ ಕೊಟ್ಟರು. ತಿಂದೆ. ಬರೆದವನು ನಾನೇ ಎಂದು ಹೇಳಲಿಲ್ಲ.

ನವೆಂಬರ್ 28, ಶುಕ್ರವಾರ

ಇಂದೂ ಹಾಡು ಬಿಡಲಿಲ್ಲ.

ಸ್ವಾಮಿಯ ಕಣ್ಣಿಗೆ ಬೇಕಿದ್ದ ಔಷಧಿಯ ಹೆಸರು ನಿನ್ನೆ ಬರೆದುಕೊಂಡು ಬಂದಿದ್ದೆ. ಇಂದು ಅದನ್ನು ಕೊಂಡು ತಂದುಕೊಟ್ಟು, ಆಸ್ಪತ್ರೆಯ ಹೊರಗೆ ಸ್ಕೂಟರಿನ ಬಳಿ ಬಂದಾಗ ಹನ್ನೊಂದು ಗಂಟೆ. ಬಿಳಿ ಅಂಗಿಯ, ಐವತ್ತರ ಆಸುಪಾಸಿನ ಒಬ್ಬರು ಹತ್ತಿರ ಬಂದರು. ಜಯಪ್ರಕಾಶ್ ಎಂದು ದನಿಯಿಂದಲೇ ತಿಳಿಯಿತು.

"ಸಾರ್, ಎಲ್ಡು ದಿನದಿಂದ ಇಲ್ಗೇ ಬತ್ತಾ ಇದ್ದೀರಂತೆ. ಡ್ರೈವರ್‌ನ ನಾವು ನೋಡ್ಕತೀವಿ. ನಿಮ್ಗ್ಯಾಕೆ ತಾಪತ್ರಯ?"

ಸುಮ್ಮನೆ ಮಾತನಾಡಿಸಲು ಬಂದೆ ಎಂದೆ.

"ಮಾತಾಡಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಈಗ ಎಲ್ಲ ಒಂದ್ ಅದಕ್ಕೆ ಬಂದದೆ. ಆ ಉಡ್ಗಿ ಒಳ್ಗಿದ್ರೆ ಊರು ತಣ್ಣಗಿರ್ತದೆ, ದಾರಿ ತೆರೀತದೆ. ಡ್ರಮ್ ಬಡ್ಯೋ ಉಡ್ಗನ ವಿಸ್ಯ ನಂಗೂ ಬೇಜಾರಾಯ್ತು ಕಣ್ರಿ. ಎಲ್ಡು ಬೆಳ್ಳು ಸಾಕು ಅಂದಿದ್ದೆ. ಐಕ್ಳು ಎಲ್ಲಿ ಮಾತು ಕೇಳ್ತವೆ."

ಹೇಳುವಾಗ ಅವರು ನಗಲಿಲ್ಲ. ಲೋಡು ಲೆಕ್ಕ ಹೇಳುವವರ ಹಾಗೆ ಹೇಳಿದರು.

ಆಗ ನನ್ನ ಕೈಯಲ್ಲಿದ್ದ ಹೆಲ್ಮೆಟ್ ಅವರ ಮುಖಕ್ಕೆ ತಗುಲಿತು. ಅವರು ಸ್ಕೂಟರುಗಳ ಮೇಲೆ ಬಿದ್ದರು. ಮತ್ತೊಮ್ಮೆ ತಗುಲಿತು. ಮೂಗಿನಿಂದ ರಕ್ತ ಬಂತು, ಒಂದು ಹಲ್ಲು ಅಂಗಿಯ ಜೇಬಿನ ಮೇಲೆ ಅಂಟಿಕೊಂಡಿತ್ತು. ಕಾವಲುಗಾರ ಮುದುಕ ನನ್ನ ಎರಡೂ ತೋಳು ಹಿಡಿದು, "ಬುಡಿ ಸ್ವಾಮಿ, ಬುಡಿ, ಸತ್ತೋದಾನು" ಎಂದ. ಹೆಲ್ಮೆಟಿನ ಗಾಜು ಎರಡು ಹೋಳಾಗಿದೆ.

ಜಯಪ್ರಕಾಶ್ ದೂರು ಕೊಡಲಿಲ್ಲ. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕಾರಿನ ಬಾಗಿಲು ತೆಗೆದು ಇಷ್ಟು ಹೇಳಿದರು: "ನಿಮ್ಮಮ್ಮ ದಿನಾ ಬೆಳಿಗ್ಗೆ ಆರಕ್ಕೆ ರಂಗೋಲಿ ಬುಡ್ತಾರೆ ಅಲ್ವಾ? ಗೇಟಿನ್ ಆಚೆ."

ಮನೆಗೆ ಬಂದು ಕೈ ತೊಳೆದೆ. ಅಂಗಿಯನ್ನು ನಾನೇ ನೆನೆಸಿದೆ. ದೀಪಶ್ರೀ ಕೇಳಿದಳು, ಎಲ್ಲವನ್ನೂ ಹೇಳಿದೆ.

"ಕೈ ಹೇಗಿದೆ?" ಎಂದಳು.

ಸ್ವಲ್ಪ ಊದಿದೆ ಎಂದೆ.

"ಬರೆಯೋಕೆ ಬರುತ್ತಾ?"

ಬರುತ್ತೆ ಎಂದೆ. ಅಮ್ಮನನ್ನು ಮೈಸೂರಿಗೆ ತನ್ನ ಅಕ್ಕನ ಮನೆಗೆ ನಾಳೆ ಬಿಟ್ಟು ಬರುತ್ತೇನೆಂದಳು. ಪ್ಲಾಸ್ಟಿಕ್ ಕವರನ್ನು ನನ್ನ ಚೀಲದಲ್ಲಿ ಇಟ್ಟಳು.

ಡಿಸೆಂಬರ್ 1, ಸೋಮವಾರ

ರಂಜಿತಳಿಗೆ ಶನಿವಾರ ಷರತ್ತಿನ ಜಾಮೀನು ಸಿಕ್ಕಿದೆ. ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಹಾಕಬೇಕು. ಮೊದಲ ಆರೋಪಿ ಎನ್ನುವುದು ಹಾಗೇ ಉಳಿದಿದೆ.

ಬೆಳಿಗ್ಗೆ ಹತ್ತಕ್ಕೆ ಮಳವಳ್ಳಿಯ ಠಾಣೆಯಲ್ಲಿದ್ದೆ. ಹಾಳೆಯನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟು, ಹದಿನೆಂಟನೇ ತಾರೀಖು ನಾನು ಸುಳ್ಳು ಹೇಳಿದೆ ಎಂದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ನೀಲಿಯ 'ಒ', ಅದರ ಮೇಲೆ ಕೆಂಪಿನ 'ಹೊ'.

"ಇದೊಂದು ಅಕ್ಷರಕ್ಕೆ ನೀವು ಆರೋಪಿ ಆಗ್ತೀರಿ. ಗೊತ್ತಿದೆಯಾ? ಸುಳ್ಳು ಹೇಳಿಕೆದು ಬೇರೆ ಕೇಸು."

ಗೊತ್ತಿದೆ ಎಂದೆ.

ಠಾಣೆಯ ರೈಟರನ್ನು ಕರೆದು ಹೇಳಿಕೆ ಬರೆಸಿಕೊಳ್ಳಲು ಹೇಳಿದರು. ಆತ ಹೇಳಿಕೊಂಡು ಬರೆಯುವವನು. "ಸದರಿ ಪದವನ್ನು ಕೆಂಪು ಶಾಯಿಯಿಂದ ತಿದ್ದಲಾಗಿರುತ್ತದೆ..."

"ತಿದ್ದಲಾಗಿರುತ್ತದೆ ಬೇಡ.  'ನಾನು ತಿದ್ದಿದೆ' ಅಂತ ಬರೀರಿ."

"ಎಲ್ಡೂ ಒಂದೇ ಅಲ್ವೇನ್ರೀ?"

"ಅಲ್ಲ."

ಆತ ಇನ್ಸ್‌ಪೆಕ್ಟರ್ ಮುಖ ನೋಡಿ, ಹೊಡೆದುಹಾಕಿ, ಹೊಸದಾಗಿ ಬರೆದ. ಮುಂದಿನದನ್ನೂ ಹಾಗೇ ಬರೆಸಿದೆ. ಕೇಳದೆ ತಿದ್ದಿದೆ. ತಪ್ಪು ತಿಳಿದ ಮೇಲೆ ಗುಟ್ಟಾಗಿ ಸರಿಪಡಿಸಿದೆ. ಕಾಗದ ನೆನಪಿಲ್ಲ ಎಂದೆ. ಕಾಗದವನ್ನು ಒಲೆಗೆ ಹಿಡಿದೆ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಜಯಪ್ರಕಾಶ್ ಎಂಬವರ ಮುಖಕ್ಕೆ ಹೆಲ್ಮೆಟಿನಿಂದ ಎರಡು ಸಲ ಹೊಡೆದೆ. ಸ್ವರೂಪನ ಬೆರಳುಗಳ ಬಗ್ಗೆ ಆತ ಅಂದ ಮಾತು ಇದು. ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಅಲ್ಲಿ ಇನ್ಸ್‌ಪೆಕ್ಟರ್ ಪೆನ್ನು ತಾವೇ ತೆಗೆದುಕೊಂಡರು.

ಒಟ್ಟು ಐದು ಪುಟ. ಪ್ರತಿ ಪುಟಕ್ಕೂ ಸಹಿ ಹಾಕಿದೆ. ಚಾನೆಲಿನಲ್ಲಿ ತಪ್ಪೊಪ್ಪಿಗೆಯನ್ನು ಹಾಡಿಗಿಂತ ಮೇಲೆ ಹಾಕಿಯೇ ಬಂದಿದ್ದೆ. ಆ ಪುಟದ ಪ್ರತಿಯನ್ನೂ ಕೊಟ್ಟೆ. ನಾಳೆ ನ್ಯಾಯಾಲಯಕ್ಕೆ ವರದಿ ಹೋಗುತ್ತದೆ, ರಂಜಿತಳ ಹೆಸರಿನ ವಿಷಯ ಅಲ್ಲಿ ತೀರ್ಮಾನವಾಗುತ್ತದೆ, ನೀವು ಊರು ಬಿಡಬೇಡಿ ಎಂದರು.

ಹೊರಗೆ ಬಂದಾಗ ಬೇವಿನ ಮರದ ಕೆಳಗೆ ಅವಳು ಸಹಿ ಹಾಕುವ ಸರದಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಹಣೆಗೆ ಪಟ್ಟಿ ಕಟ್ಟಿದ ಅಜ್ಜಿ. ರಂಜಿತ ಬಹಳ ಇಳಿದುಹೋಗಿದ್ದಾಳೆ. ಗಿಟಾರ್ ಹಿಡಿಯುವ ಬೆರಳುಗಳ ಉಗುರುಗಳು ಬೆಳೆದಿದ್ದವು.

"ನನ್ ಪೇಪರ್ ಎಲ್ಲಿ ಸಾರ್?"

"ಒಳಗೆ ಕೊಟ್ಟೆ. ನಾನು ತಿದ್ದಿದ್ದು ಅಂತ ಬರೆದುಕೊಟ್ಟೆ."

"ಯಾವತ್ತಿಂದ ಇತ್ತು ನಿಮ್ತಾವ?"

"ಮೊದಲಿಂದ."

"ನಾನ್ ಒಳ್ಗೋದಾಗ?"

"ಇತ್ತು."

"ನಮ್ಮಜ್ಜಿ ತಲೆ ಒಡ್ದಾಗ?"

"ಆಗಲೂ ಇತ್ತು."

ಅವಳ ಕೈ ಎದ್ದದ್ದು ನನಗೆ ಕಾಣಿಸಿತು. ಪಕ್ಕಕ್ಕೆ ಸರಿಯಬಹುದಿತ್ತು. ಕನ್ನಡಕ ಹಾರಿ ಪೊಲೀಸ್ ಜೀಪಿನ ಚಕ್ರದ ಬಳಿ ಬಿತ್ತು, ಬಾಯಲ್ಲಿ ಉಪ್ಪು ಬಂತು. ಪೇದೆಯೊಬ್ಬ "ಏ, ಏ" ಎನ್ನುತ್ತ ಎದ್ದು ಬಂದ. ಚಿಕ್ಕಬೋರಮ್ಮ ಕುಳಿತಲ್ಲಿಂದಲೇ ಕೈ ಅಡ್ಡ ಹಿಡಿದರು.

"ನೀ ಕೂತ್ಕಳಪ್ಪ. ಇದು ಅವ್ರಿಬ್ರ ಯವಾರ."

ರಂಜಿತ ಕೈ ಕೆಳಗಿಳಿಸಿದಳು.

"ಓಗಿ ಇದ್ನೂ ಬರ್ಕಳಿ ಸಾರ್. ಅಕ್ಸರ ಬುಟ್ಟೋಗಿದ್ರೆ ನೀವೇ ಸೇರಿಸ್ಕಳಿ."

ಬರೆದುಕೊಳ್ಳುತ್ತಿದ್ದೇನೆ: ರಂಜಿತ ನನ್ನ ಕೆನ್ನೆಗೆ ಹೊಡೆದಳು.